ಕೊಳ್ಳುವುದು ಒಬ್ಬೊಬ್ಬರೇ, ಆಡುವುದು ಒಟ್ಟಾಗಿ: ಕೋ-ಆಪ್ ಗೇಮ್‌ಗಳನ್ನು ಅಪ್‌ಡೇಟ್‌ಗಳು ಬದಲಿಸುವ ಬಗೆ

2026ರ ಜನವರಿ 12ರಂದು ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು ‘ಆಂಥಮ್’ ಗೇಮ್‌ನ ಸರ್ವರ್‌ಗಳನ್ನು ನಿಲ್ಲಿಸಿತು. ನಾಲ್ವರವರೆಗೆ ತಂಡ ಕಟ್ಟಿಕೊಂಡು ಆಡಬಹುದಾಗಿದ್ದ ಈ ಗೇಮ್ 2019ರ ಫೆಬ್ರವರಿಯಲ್ಲಿ 60 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದಿತ್ತು. ಡಿಸ್ಕ್ ಕೈಯಲ್ಲೇ ಇದ್ದರೂ ಈಗ ಅದನ್ನು ಒಬ್ಬರೇ ಆಡಲೂ ಸಾಧ್ಯವಿಲ್ಲ. ಇದಕ್ಕೆ ಕೆಲವೇ ವಾರಗಳ ಹಿಂದೆ, ‘ಹೆಲ್‌ಡೈವರ್ಸ್ 2’ ಗೇಮ್‌ನ ಪಿಸಿ ಆವೃತ್ತಿ ಒಂದು ಅಪ್‌ಡೇಟ್‌ನಿಂದ ಸುಮಾರು 150 ಜಿಬಿಯಿಂದ ಸುಮಾರು 23 ಜಿಬಿಗೆ ಇಳಿದಿತ್ತು. ಇತ್ತ, ಆಂಥಮ್‌ಗಿಂತ ಒಂದು ವರ್ಷ ಮೊದಲೇ ಆರಂಭಿಕ ಆವೃತ್ತಿಯಾಗಿ ಹೊರಬಂದಿದ್ದ ಡೆನ್ಮಾರ್ಕಿನ ‘ಡೀಪ್ ರಾಕ್ ಗ್ಯಾಲಕ್ಟಿಕ್’ ಇಂದಿಗೂ ಜನ ಆಡುತ್ತಿರುವ ಗೇಮ್.

ಒಂದೇ ಬಗೆಯ ಮೂರು ಸರಕುಗಳಲ್ಲಿ ಒಂದು ಸತ್ತಿದೆ, ಒಂದು ರೂಪ ಬದಲಿಸಿದೆ, ಒಂದು ನಿಶ್ಚಿಂತೆಯಿಂದ ಬಾಳುತ್ತಿದೆ. ಕೊಂಡವರು ‘ನಾನು ಕೊಂಡದ್ದು ಏನನ್ನು?’ ಎಂದು ಕೇಳುತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಕಂಪನಿಗಳ ದುರಾಸೆ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ, ಮತ್ತು ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಅದರಿಂದ ವಿಷಯದ ಅರ್ಧವೂ ತಿಳಿಯುವುದಿಲ್ಲ. ಕೋ-ಆಪ್ ಗೇಮ್ ಎಂದರೆ ಆಟಗಾರರು ಪರಸ್ಪರ ಎದುರಾಳಿಗಳಾಗದೆ, ಯಂತ್ರ ಒಡ್ಡುವ ಸವಾಲನ್ನು ಒಟ್ಟಾಗಿ ಎದುರಿಸುವ ಗೇಮ್. ಇಲ್ಲಿ ಹಣ ತೆರುವವರು ಬಿಡಿ ವ್ಯಕ್ತಿಗಳು, ಆಡುವುದು ಮಾತ್ರ ಗುಂಪು. ಹೊಸ ಅಪ್‌ಡೇಟ್‌ಗಳೂ ಹಣ ಕೊಟ್ಟು ಕೊಳ್ಳುವ ಡಿಎಲ್‌ಸಿಗಳೂ (ಮೂಲ ಗೇಮ್‌ಗೆ ಆಮೇಲೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳು) ಹುಟ್ಟಿಸುವ ಬಹುತೇಕ ಜಗಳಗಳ ಬೇರು ಈ ಹೊಂದಾಣಿಕೆಯಿಲ್ಲದ ಲೆಕ್ಕದಲ್ಲಿದೆ.

ಮಾರಿದ ಮೇಲೂ ಮುಗಿಯದ ಕೆಲಸ

ಒಬ್ಬರೇ ಆಡುವ ಕಥಾಪ್ರಧಾನ ಗೇಮ್ ಒಮ್ಮೆ ಮಾರಾಟವಾದರೆ ತಯಾರಕರ ಮಟ್ಟಿಗೆ ಕೆಲಸ ಹೆಚ್ಚುಕಡಿಮೆ ಮುಗಿದಂತೆ. ಕೋ-ಆಪ್‌ನಲ್ಲಿ ಹಾಗಾಗುವುದಿಲ್ಲ. ಅಪರಿಚಿತರನ್ನು ಒಂದು ತಂಡವಾಗಿ ಕೂಡಿಸುವ ಮ್ಯಾಚ್‌ಮೇಕಿಂಗ್ ವ್ಯವಸ್ಥೆ, ಖಾತೆಗಳನ್ನು ಕಾಯುವ ಸರ್ವರ್‌ಗಳು, ಮೋಸದಾಟವನ್ನು ತಡೆಯುವ ತಂತ್ರಾಂಶ, ದೂರುಗಳನ್ನು ನೋಡುವ ಸಿಬ್ಬಂದಿ ಇವೆಲ್ಲ ತಿಂಗಳು ತಿಂಗಳೂ ಖರ್ಚು ಕೇಳುತ್ತವೆ. ಆದಾಯ ಒಮ್ಮೆ ಬರುತ್ತದೆ, ವೆಚ್ಚ ಮುಂದುವರಿಯುತ್ತದೆ. ಇದಕ್ಕಿಂತ ದೊಡ್ಡ ಒತ್ತಡ ಇನ್ನೊಂದಿದೆ: ಆಟಗಾರರ ಸಂಖ್ಯೆ ಕುಸಿದರೆ ಕೋ-ಆಪ್ ಗೇಮ್‌ನ ಗುಣಮಟ್ಟವೇ ಕುಸಿಯುತ್ತದೆ. ಲಾಬಿಯಲ್ಲಿ ಜೊತೆಗಾರರಿಗಾಗಿ ಕಾಯುವ ಹೊತ್ತು ಹೆಚ್ಚಿದಂತೆ ಇನ್ನಷ್ಟು ಜನ ಬಿಟ್ಟುಹೋಗುತ್ತಾರೆ, ಅವರು ಹೋದಷ್ಟೂ ಉಳಿದವರ ಕಾಯುವಿಕೆ ಹೆಚ್ಚುತ್ತದೆ. ಹೊಸ ಮ್ಯಾಪ್ (ಆಟ ನಡೆಯುವ ತಾಣ), ಹೊಸ ಶತ್ರು, ಹೊಸ ಆಯುಧಗಳನ್ನು ಸೇರಿಸುತ್ತಲೇ ಇರುವುದು ಈ ಇಳಿಜಾರನ್ನು ತಡೆಯುವ ಉಪಾಯ.

ಈ ನಿರೀಕ್ಷೆಯನ್ನು ಕಂಪನಿಗಳಷ್ಟೇ ಹುಟ್ಟುಹಾಕಲಿಲ್ಲ ಎಂಬುದನ್ನು ನೆನಪಿಸಬೇಕು. 2008ರ ನವೆಂಬರಿನಲ್ಲಿ ವಾಲ್ವ್ ಸಂಸ್ಥೆ ‘ಲೆಫ್ಟ್ 4 ಡೆಡ್’ ಬಿಡುಗಡೆ ಮಾಡಿತು. ಒಂದು ವರ್ಷದೊಳಗೇ ಎರಡನೇ ಭಾಗ ಬರಲಿದೆ ಎಂದು 2009ರಲ್ಲಿ ಘೋಷಿಸಿದಾಗ ಸಾವಿರಾರು ಅಭಿಮಾನಿಗಳು ಬಹಿಷ್ಕಾರದ ಗುಂಪು ಕಟ್ಟಿದರು. ಭರವಸೆ ಕೊಟ್ಟಿದ್ದ ಹೊಸ ಭಾಗಗಳನ್ನು ಮೊದಲ ಗೇಮ್‌ಗೇ ಸೇರಿಸಿ, ಎರಡನೆಯದನ್ನು ಮಾರಿದರೆ ಆಟಗಾರರು ಎರಡು ಪಾಲಾಗುತ್ತಾರೆ ಎಂಬುದು ಅವರ ವಾದವಾಗಿತ್ತು. ಗುಂಪಿನ ಮುಂದಾಳುಗಳನ್ನು ವಾಲ್ವ್ ತನ್ನ ಕಚೇರಿಗೆ ಕರೆಸಿ ಹೊಸ ಗೇಮ್ ತೋರಿಸಿತು. ಆ ಪ್ರತಿಭಟನೆ ಕರಗಿತು, ಆದರೆ ‘ಹೊಸದನ್ನು ಮಾರಬೇಡಿ, ಇರುವುದನ್ನೇ ಬೆಳೆಸಿ’ ಎಂಬ ಬೇಡಿಕೆ ಉಳಿಯಿತು. ಇಂದು ನಾವು ದೂರುತ್ತಿರುವ ವ್ಯವಸ್ಥೆಗೆ ಆ ಬೇಡಿಕೆಯೂ ಒಂದು ಕಾರಣ.

ಮ್ಯಾಪ್ ಮಾರಿದರೆ ಗುಂಪು ಒಡೆಯುತ್ತದೆ

ಬೆಳೆಸುವುದಕ್ಕೆ ಹಣ ಎಲ್ಲಿಂದ? ಹಳೆಯ ಉತ್ತರ ಸರಳವಾಗಿತ್ತು: ಹೊಸ ಮ್ಯಾಪ್ ಅಥವಾ ಮಿಷನ್ ಮಾಡಿ, ಅದಕ್ಕೆ ಬೆಲೆ ಕಟ್ಟಿ ಮಾರುವುದು. ಒಬ್ಬರೇ ಆಡುವ ಗೇಮ್‌ಗೆ ಇದು ತಕರಾರಿಲ್ಲದ ವ್ಯಾಪಾರ, ಬೇಕಾದವರು ಕೊಳ್ಳುತ್ತಾರೆ, ಬೇಡದವರಿಗೆ ನಷ್ಟವಿಲ್ಲ. ನಾಲ್ವರ ಗೇಮ್‌ನಲ್ಲಿ ಮಾತ್ರ ಇದೇ ವ್ಯಾಪಾರ ಎಲ್ಲರಿಗೂ ನಷ್ಟ ತರಬಲ್ಲದು.

ಒಂದು ಲೆಕ್ಕ ನೋಡೋಣ. ಆಟಗಾರರಲ್ಲಿ ಅರ್ಧದಷ್ಟು ಜನ ಹೊಸ ಮ್ಯಾಪ್ ಕೊಂಡಿದ್ದಾರೆ ಎಂದುಕೊಳ್ಳಿ. ಯಾದೃಚ್ಛಿಕವಾಗಿ ಕೂಡಿಸಿದ ನಾಲ್ವರಲ್ಲಿ ನಾಲ್ವರ ಬಳಿಯೂ ಅದು ಇರುವ ಸಾಧ್ಯತೆ ಹದಿನಾರರಲ್ಲಿ ಒಂದು ಮಾತ್ರ. ಮೂರನೇ ಒಂದು ಪಾಲು ಜನ ಕೊಂಡಿದ್ದರೆ ಆ ಸಾಧ್ಯತೆ 81ರಲ್ಲಿ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಹಣ ಕೊಟ್ಟವರಿಗೇ ಕೊಂಡ ಮ್ಯಾಪ್ ಆಡಲು ಜೊತೆಗಾರರು ಸಿಗುವುದಿಲ್ಲ, ಕೊಡದವರು ತಮ್ಮ ಹಳೆಯ ತಂಡದಿಂದ ಹೊರಗುಳಿಯುತ್ತಾರೆ. ಗೆಳೆಯರ ಗುಂಪಿನಲ್ಲಾದರೆ ಇನ್ನೊಂದು ಮುಜುಗರ ಸೇರಿಕೊಳ್ಳುತ್ತದೆ: ಮೂವರು ಕೊಂಡು ಒಬ್ಬರು ಕೊಳ್ಳದಿದ್ದರೆ, ಆ ಒಬ್ಬರು ತಮಗೆ ಬೇಡದ ವಸ್ತುವಿಗೆ ಹಣ ತೆರಬೇಕು, ಇಲ್ಲವೇ ಮೂವರು ಕೊಂಡದ್ದನ್ನು ಬಳಸದೆ ಬಿಡಬೇಕು. ಗೆಳೆತನವೇ ಮಾರಾಟದ ಒತ್ತಡವಾಗುವುದು ಹೀಗೆ.

ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ, ತಂಡದಲ್ಲಿ ಆಟವನ್ನು ನಡೆಸುವ ಹೋಸ್ಟ್ ಒಬ್ಬರ ಬಳಿ ಡಿಎಲ್‌ಸಿ ಇದ್ದರೆ ಉಳಿದವರೂ ಅದನ್ನು ಆಡಬಹುದು ಎಂಬ ನಿಯಮ. 2013ರ ‘ಪೇಡೇ 2’ ತನ್ನ ದರೋಡೆ ಮಿಷನ್‌ಗಳಿಗೆ ಈ ದಾರಿ ಹಿಡಿಯಿತು. 2021ರ ‘ಬ್ಯಾಕ್ 4 ಬ್ಲಡ್’ ಕೂಡ ತಂಡದಲ್ಲೊಬ್ಬರು ಕೊಂಡರೆ ಹೆಚ್ಚುವರಿ ಅಧ್ಯಾಯಗಳನ್ನು ಎಲ್ಲರಿಗೂ ತೆರೆಯಿತು. ಆಟಗಾರರ ದೃಷ್ಟಿಯಿಂದ ಇದಕ್ಕಿಂತ ನ್ಯಾಯವಾದ ಏರ್ಪಾಡಿಲ್ಲ. ಮಾರುವವರ ದೃಷ್ಟಿಯಿಂದ ನೋಡಿದರೆ, ಸದಾ ಒಟ್ಟಾಗಿ ಆಡುವ ನಾಲ್ವರ ಗುಂಪಿನಲ್ಲಿ ಒಂದೇ ಪ್ರತಿ ಖರ್ಚಾದರೂ ಸಾಕಾಗುತ್ತದೆ. ಬ್ಯಾಕ್ 4 ಬ್ಲಡ್ ತಯಾರಿಸಿದ ಟರ್ಟಲ್ ರಾಕ್ ಸ್ಟುಡಿಯೋ 2023ರ ಫೆಬ್ರವರಿಯಲ್ಲಿ, ತಾನು ಚಿಕ್ಕ ಸಂಸ್ಥೆಯಾದ್ದರಿಂದ ಮುಂದಿನ ಗೇಮ್‌ನ ಕೆಲಸದ ಜೊತೆಗೆ ಇದನ್ನೂ ಬೆಳೆಸಲಾಗದು ಎಂದು ಹೇಳಿ ಹೊಸ ಸೇರ್ಪಡೆಗಳನ್ನು ನಿಲ್ಲಿಸಿತು. ಆ ತೀರ್ಮಾನಕ್ಕೆ ಹೋಸ್ಟ್ ನಿಯಮವೇ ಕಾರಣವೆಂದು ಹೇಳಲು ಆಧಾರವಿಲ್ಲ. ಆದರೆ ಹಂಚಿಕೊಳ್ಳಬಹುದಾದದ್ದನ್ನು ಮಾರಿ ಬರುವ ಆದಾಯಕ್ಕೆ ಮಿತಿಯಿದೆ ಎಂಬ ಪಾಠ ಉದ್ಯಮಕ್ಕೆ ತಟ್ಟಿದ್ದು ನಿಜ. ಹಾಗಾಗಿ ಮಾರಾಟದ ಗಮನ ಹಂಚಿಕೊಳ್ಳಲಾಗದ ವಸ್ತುಗಳ ಕಡೆಗೆ, ಅಂದರೆ ಉಡುಪು, ಆಯುಧ, ಪಾತ್ರ, ಬೇಗ ಮೇಲೇರುವ ಅವಕಾಶ ಇವುಗಳ ಕಡೆಗೆ ಹೊರಳಿತು.

ಎದುರಾಳಿಯೇ ಇಲ್ಲದಲ್ಲಿ ಶಕ್ತಿ ಮಾರಿದರೇನು?

ಉಡುಪಿನ ಮಾತು ಬೇಗ ಮುಗಿಯುತ್ತದೆ. ಡೀಪ್ ರಾಕ್ ಗ್ಯಾಲಕ್ಟಿಕ್ ಮಿಷನ್‌ಗಳನ್ನು ಉಚಿತವಾಗಿ ಸೇರಿಸುತ್ತಾ, ಹಣಕ್ಕೆ ಅಲಂಕಾರಗಳನ್ನು ಮಾತ್ರ ಮಾರುತ್ತದೆ. ಕೊಂಡವರೂ ಕೊಳ್ಳದವರೂ ಆಟದೊಳಗಿನ ಒಂದೇ ಗಣಿಗೆ ಇಳಿಯುತ್ತಾರೆ, ಗುಂಪಿಗೆ ಧಕ್ಕೆಯಿಲ್ಲ.

ಆಯುಧದ ಮಾತು ಅಷ್ಟು ಸುಲಭವಲ್ಲ. ಇಲ್ಲಿ ಎರಡು ನಿಲುವುಗಳಿವೆ. ಕೋ-ಆಪ್‌ನಲ್ಲಿ ಸೋಲುವ ಎದುರಾಳಿ ಮನುಷ್ಯನಲ್ಲ, ನನ್ನ ಜೊತೆಗಾರ ಹಣ ಕೊಟ್ಟು ಬಲಿಷ್ಠನಾದರೆ ಲಾಭ ನನಗೂ ಇದೆ, ಆದ್ದರಿಂದ ಹಣ ಕೊಟ್ಟು ಗೆಲ್ಲುವ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ ಎಂಬುದು ಒಂದು. ಮೇಲುನೋಟಕ್ಕೆ ಇದು ಸರಿಯೆನಿಸುತ್ತದೆ. ಆದರೆ ಸವಾಲಿನ ಮಟ್ಟವನ್ನು ನಾಲ್ವರ ಒಟ್ಟು ಬಲ ನೋಡಿ ರೂಪಿಸಿರುತ್ತಾರೆ. ಒಬ್ಬರ ಆಯುಧ ಮಾತ್ರ ಮಿಗಿಲಾದರೆ ಅದು ಮಂಚದ ಒಂದು ಕಾಲನ್ನಷ್ಟೇ ಉದ್ದ ಮಾಡಿದಂತೆ. ಶತ್ರುಗಳನ್ನೆಲ್ಲ ಒಬ್ಬರೇ ಉರುಳಿಸುವಾಗ ಉಳಿದ ಮೂವರು ನೋಡುತ್ತಾ ನಿಲ್ಲುತ್ತಾರೆ, ಅಥವಾ ಬಲಿಷ್ಠ ಆಯುಧವಿಲ್ಲದವರನ್ನು ತಂಡದಿಂದ ಹೊರಹಾಕುವ ಚಾಳಿ ಶುರುವಾಗುತ್ತದೆ. ಎರಡನೇ ನಿಲುವಿನವರ ಆಕ್ಷೇಪ ಇದು, ಮತ್ತು ನಡೆದ ಘಟನೆಗಳು ಇದನ್ನೇ ಹೆಚ್ಚು ಬೆಂಬಲಿಸುತ್ತವೆ.

ಪೇಡೇ 2 ತಯಾರಕರು ಬಿಡುಗಡೆಯ ಕಾಲದಲ್ಲಿ ಗೇಮ್‌ನೊಳಗೆ ಬಿಡಿ ಮಾರಾಟ ಇರುವುದಿಲ್ಲವೆಂದು ಹೇಳಿದ್ದರು. 2015ರ ಅಕ್ಟೋಬರಿನಲ್ಲಿ, ಆಡುವಾಗ ಸಿಗುವ ತಿಜೋರಿಗಳನ್ನು ತೆರೆಯಲು ಹಣ ಕೊಟ್ಟು ಡ್ರಿಲ್ ಕೊಳ್ಳುವ ವ್ಯವಸ್ಥೆ ಬಂತು. ಒಳಗೆ ಸಿಗುವ ಕೆಲವು ಸ್ಕಿನ್‌ಗಳು (ಆಯುಧದ ಹೊರನೋಟ ಬದಲಿಸುವ ಅಲಂಕಾರಗಳು) ಅದರ ಬಲವನ್ನೂ ಹೆಚ್ಚಿಸುತ್ತಿದ್ದವು. ಆಕ್ರೋಶ ಎಷ್ಟಿತ್ತೆಂದರೆ 2016ರಲ್ಲಿ ಡ್ರಿಲ್‌ಗಳನ್ನು ಉಚಿತಗೊಳಿಸಬೇಕಾಯಿತು.

‘ಮಾರ್ವೆಲ್ಸ್ ಅವೆಂಜರ್ಸ್’ನ ಕಥೆ ಇನ್ನೂ ನಿಚ್ಚಳ. ಹಣಕ್ಕೆ ಅಲಂಕಾರಗಳನ್ನು ಮಾತ್ರ ಮಾರುವುದಾಗಿ ಹೇಳಿ 2020ರ ಸೆಪ್ಟೆಂಬರಿನಲ್ಲಿ ಬಂದ ಈ ಗೇಮ್, 2021ರ ಮಾರ್ಚ್‌ನಲ್ಲಿ ಪಾತ್ರಗಳು ಮೇಲಿನ ಹಂತಗಳನ್ನು ಏರುವ ವೇಗವನ್ನು ತಗ್ಗಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬೇಗ ಮೇಲೇರಿಸುವ ಬೂಸ್ಟರ್‌ಗಳನ್ನು ಹಣಕ್ಕೆ ಮಾರತೊಡಗಿತು. ಎರಡಕ್ಕೂ ಸಂಬಂಧವಿತ್ತೇ ಇಲ್ಲವೇ ಎಂಬುದು ತಯಾರಕರಿಗಷ್ಟೇ ಗೊತ್ತಿರುವ ವಿಷಯ, ಆದರೆ ಆಟಗಾರರ ಮುಂದೆ ಕಂಡದ್ದು ಒಂದು ಉಚಿತ ಅಪ್‌ಡೇಟ್ ಹುಟ್ಟಿಸಿದ ಬೇಸರಕ್ಕೆ ಒಂದು ಪಾವತಿಯ ಮದ್ದು. ನವೆಂಬರಿನಲ್ಲಿ ಬೂಸ್ಟರ್‌ಗಳನ್ನು ಹಿಂತೆಗೆದುಕೊಂಡರೂ ಹೋದ ನಂಬಿಕೆ ಮರಳಲಿಲ್ಲ. 2023ರ ಸೆಪ್ಟೆಂಬರ್ 30ರಂದು ಗೇಮ್‌ನ ಮಾರಾಟವೇ ನಿಂತಿತು. ಮುಚ್ಚುವ ಮುನ್ನ ಅಂಗಡಿಯ ಅಲಂಕಾರಗಳನ್ನೆಲ್ಲ ಗೇಮ್ ಇದ್ದವರಿಗೆ ಉಚಿತವಾಗಿ ಕೊಟ್ಟರು.

ಹೆಲ್‌ಡೈವರ್ಸ್ 2 ಈ ಎರಡೂ ತುದಿಗಳ ನಡುವೆ ನಿಂತಿದೆ. 2024ರ ಫೆಬ್ರವರಿಯಲ್ಲಿ ಬಂದ ಈ ಗೇಮ್‌ನಲ್ಲಿ ಆಯುಧಗಳ ಕಂತೆಗಳನ್ನು ‘ವಾರ್‌ಬಾಂಡ್’ ಹೆಸರಿನಲ್ಲಿ ಮಾರುತ್ತಾರೆ. ಅದಕ್ಕೆ ಬೇಕಾದ ನಾಣ್ಯವನ್ನು ಹಣ ಕೊಟ್ಟೂ ಪಡೆಯಬಹುದು, ಮಿಷನ್‌ಗಳಲ್ಲಿ ಹುಡುಕಿ ಕೂಡಿಸಿಯೂ ಪಡೆಯಬಹುದು, ಒಮ್ಮೆ ಬಂದ ವಾರ್‌ಬಾಂಡ್‌ಗೆ ಅವಧಿ ಮುಗಿಯುವ ಭಯವಿಲ್ಲ. ಆಕಾಶದಿಂದ ಇಳಿಸಿಕೊಳ್ಳುವ ದೊಡ್ಡ ಆಯುಧವನ್ನು ಒಬ್ಬರು ತರಿಸಿದರೆ ಪಕ್ಕದವರೂ ಎತ್ತಿಕೊಳ್ಳಬಹುದು. ಗುಂಪಿನ ಲೆಕ್ಕಕ್ಕೆ ಹತ್ತಿರವಾದ ಯೋಜನೆ ಇದು. ಹಾಗಿದ್ದೂ ಇದೇ ಗೇಮ್‌ನಲ್ಲಿ ಅಪ್‌ಡೇಟ್ ಮತ್ತು ಮಾರಾಟ ಢಿಕ್ಕಿ ಹೊಡೆದ ಪ್ರಸಂಗ ಬಹಳ ಪಾಠ ಹೇಳುತ್ತದೆ.

ಆಯುಧವನ್ನು ದುರ್ಬಲಗೊಳಿಸುವ ಪ್ಯಾಚ್‌ಗಳು

2024ರ ಆಗಸ್ಟ್ ಮೊದಲ ವಾರದಲ್ಲಿ ಹೆಲ್‌ಡೈವರ್ಸ್ 2 ಪ್ಯಾಚ್ (ಇರುವುದನ್ನು ತಿದ್ದುವ ಅಪ್‌ಡೇಟ್) ಒಂದು ಬೆಂಕಿ ಉಗುಳುವ ಆಯುಧಗಳ ವರ್ತನೆಯನ್ನು ಬದಲಿಸಿ ಅವುಗಳ ಪರಿಣಾಮ ತಗ್ಗಿಸಿತು. ಎರಡು ದಿನಗಳ ಬಳಿಕ ಮಾರಾಟಕ್ಕೆ ಬಂದ ವಾರ್‌ಬಾಂಡ್‌ನ ಮುಖ್ಯ ಆಕರ್ಷಣೆ ಬೆಂಕಿ ಆಯುಧಗಳೇ! ಆಟಗಾರರು ಕೆರಳಿದರು. ಎದುರಾಳಿ ಮನುಷ್ಯರೇ ಇಲ್ಲದ ಗೇಮ್‌ನಲ್ಲಿ ಆಯುಧವನ್ನು ನರ್ಫ್ ಮಾಡುವುದೇಕೆ, ಅಂದರೆ ದುರ್ಬಲಗೊಳಿಸುವುದೇಕೆ ಎಂದು ಅವರು ಕೇಳಿದರು.

ತಯಾರಕರ ಕಾರಣವನ್ನೂ ಅರ್ಥಮಾಡಿಕೊಳ್ಳಬೇಕು. ಒಂದು ಆಯುಧ ಉಳಿದೆಲ್ಲವುಗಳಿಗಿಂತ ಮೇಲಾದರೆ ನಾಲ್ವರೂ ಅದನ್ನೇ ಹಿಡಿಯುತ್ತಾರೆ, ಆಗ ಟ್ಯಾಂಕ್ ಒಡೆಯುವವರೊಬ್ಬರು, ಹಿಂಡನ್ನು ತಡೆಯುವವರೊಬ್ಬರು ಎಂಬ ಕೆಲಸದ ಹಂಚಿಕೆ ಅಳಿಸಿಹೋಗುತ್ತದೆ. ಒಬ್ಬರಿಗೊಬ್ಬರು ಬೇಕಾಗುವ ಸ್ಥಿತಿ ಇಲ್ಲದಿದ್ದರೆ ಕೋ-ಆಪ್ ಎಂಬುದೇ ಹೆಸರಿಗಷ್ಟೇ ಉಳಿಯುತ್ತದೆ. ವಾದ ಸರಿಯಿದೆ, ಆದರೆ ಅದಕ್ಕೆ ಪರಿಹಾರ ಬಲಿಷ್ಠವಾದದ್ದನ್ನು ಕತ್ತರಿಸುವುದೊಂದೇ ಅಲ್ಲ, ದುರ್ಬಲವಾದವನ್ನು ಎತ್ತುವುದೂ ಹೌದು. ಸ್ವೀಡನ್ನಿನ ಆರೋಹೆಡ್ ಸ್ಟುಡಿಯೋ ಕೊನೆಗೆ ಆ ದಾರಿಗೇ ಬಂತು. 60 ದಿನಗಳ ಸುಧಾರಣಾ ಯೋಜನೆಯನ್ನು ಪ್ರಕಟಿಸಿ, ಸೆಪ್ಟೆಂಬರಿನ ಪ್ಯಾಚ್‌ನಲ್ಲಿ ಹಲವಾರು ಆಯುಧಗಳ ಬಲ ಹೆಚ್ಚಿಸಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಉಚಿತ ಆಯುಧವನ್ನು ತಗ್ಗಿಸಿದರೆ ಅದು ವಿನ್ಯಾಸದ ನಿರ್ಧಾರ, ಹಣಕ್ಕೆ ಮಾರಿದ್ದನ್ನು ತಗ್ಗಿಸಿದರೆ ಅದು ಕೊಟ್ಟ ಸರಕನ್ನು ಭಾಗಶಃ ಕಿತ್ತುಕೊಂಡಂತೆ. ಪಾವತಿಯ ಸೇರ್ಪಡೆ ಹೆಚ್ಚಿದಷ್ಟೂ ತಯಾರಕರಿಗೆ ತಮ್ಮದೇ ಗೇಮ್ ತಿದ್ದುವ ಸ್ವಾತಂತ್ರ್ಯ ಕುಗ್ಗುತ್ತದೆ. ಮಾರಾಟದ ಈ ಬೆಲೆ ಲಾಭ-ನಷ್ಟದ ಪಟ್ಟಿಯಲ್ಲಿ ಕಾಣುವುದಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಗುಂಪಿನ ಮೇಲೆ ಇನ್ನೊಂದು ಬಗೆಯ ಪೆಟ್ಟು ಬಿದ್ದಿತ್ತು. ಪಿಸಿ ಆಟಗಾರರು ಪ್ಲೇಸ್ಟೇಷನ್ ನೆಟ್‌ವರ್ಕ್ ಖಾತೆ ಹೊಂದುವುದನ್ನು ಕಡ್ಡಾಯ ಮಾಡುವುದಾಗಿ ಪ್ರಕಾಶಕರಾದ ಸೋನಿ ಘೋಷಿಸಿದರು. ಆ ಸೇವೆಯೇ ಇಲ್ಲದ 170ಕ್ಕೂ ಹೆಚ್ಚು ದೇಶ-ಪ್ರದೇಶಗಳಲ್ಲಿ ಗೇಮ್ ಅನ್ನು ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಮಾರಾಟದಿಂದ ತೆಗೆಯಲಾಯಿತು. ಬೇರೆ ಬೇರೆ ದೇಶಗಳ ಗೆಳೆಯರು ಒಟ್ಟಾಗಿ ಆಡುವ ಗೇಮ್‌ನಲ್ಲಿ ಒಬ್ಬರ ಬಾಗಿಲು ಮುಚ್ಚಿದರೆ ನಾಲ್ವರ ಆಟವೂ ಕೆಡುತ್ತದೆ. ಸ್ಟೀಮ್‌ನಲ್ಲಿ ಕೆಲವೇ ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನಕಾರಾತ್ಮಕ ವಿಮರ್ಶೆಗಳು ಬಿದ್ದು, ಸೋನಿ ನಿರ್ಧಾರವನ್ನು ಕೈಬಿಟ್ಟಿತು.

ಹೊಸಬರು, ಹಳಬರು, ಮತ್ತು ಗೇಮ್‌ನ ಗಾತ್ರ

ವರ್ಷಗಟ್ಟಲೆ ಬೆಳೆಯುವ ಗೇಮ್‌ನಲ್ಲಿ ಆಟಗಾರರು ಹಣದಿಂದ ಮಾತ್ರವಲ್ಲ, ಕಾಲದಿಂದಲೂ ಬೇರ್ಪಡುತ್ತಾರೆ. 2018ರ ‘ಮಾನ್‌ಸ್ಟರ್ ಹಂಟರ್: ವರ್ಲ್ಡ್’ಗೆ 2019ರಲ್ಲಿ ‘ಐಸ್‌ಬೋರ್ನ್’ ಎಂಬ ದೊಡ್ಡ ಪಾವತಿಯ ವಿಸ್ತರಣೆ ಬಂದಾಗ ಹಳಬರು ಅತ್ತ ಸಾಗಿದರು. ಹೊಸಬರು ಬೇಗ ಅವರನ್ನು ಸೇರಿಕೊಳ್ಳಲೆಂದು ‘ಡಿಫೆಂಡರ್’ ಎಂಬ ಬಲಿಷ್ಠ ಆಯುಧಗಳನ್ನು ಉಚಿತವಾಗಿ ಕೊಡಲಾಯಿತು. ಹೊಸಬರು ಮುಂದೆ ಸಾಗಿದರು ನಿಜ, ಆದರೆ ಬೇಟೆ ಕಲಿಯಬೇಕಾದ ಆರಂಭಿಕ ಹಂತಗಳನ್ನು ಓಡಿ ದಾಟಿ, ಏನೂ ಕಲಿಯದೆ ಕಠಿಣ ಭಾಗಕ್ಕೆ ಬಂದು ನಿಂತರು. ಡೀಪ್ ರಾಕ್ ಗ್ಯಾಲಕ್ಟಿಕ್ 2024ರ ಜೂನ್‌ನಿಂದ ಹಿಂದಿನ ಸೀಸನ್‌ಗಳನ್ನೂ (ಕಾಲಕಾಲಕ್ಕೆ ಬರುವ ಹೊಸ ಸೇರ್ಪಡೆಗಳ ಕಂತುಗಳು) ಆಯ್ದುಕೊಂಡು ಆಡಲು ಬಿಟ್ಟದ್ದು ಇದಕ್ಕಿಂತ ಜಾಣ ಉಪಾಯ. ತಡವಾಗಿ ಬಂದವರು ಕಳೆದುಕೊಳ್ಳುವುದೇನೂ ಇಲ್ಲ.

ಸೇರಿಸುತ್ತಲೇ ಹೋದರೆ ಗಾತ್ರ ಬೆಳೆಯುತ್ತದೆ, ಪ್ರತಿ ಬದಲಾವಣೆಯನ್ನೂ ಹಳೆಯ ಎಲ್ಲ ಭಾಗಗಳೊಂದಿಗೆ ಪರೀಕ್ಷಿಸಬೇಕಾಗುತ್ತದೆ. ‘ಡೆಸ್ಟಿನಿ 2’ 115 ಜಿಬಿ ತಲುಪಿದಾಗ ಬಂಗೀ ಸಂಸ್ಥೆ 2020ರ ನವೆಂಬರಿನಲ್ಲಿ ಹಲವು ಗ್ರಹಗಳನ್ನೂ, 2017ರ ಮೂಲ ಕಥಾಭಾಗವನ್ನೂ ಗೇಮ್‌ನಿಂದ ತೆಗೆದುಹಾಕಿತು. ಹಣ ಕೊಟ್ಟು ಕೊಂಡಿದ್ದ ವಿಸ್ತರಣೆಗಳೂ ಅದರಲ್ಲಿ ಹೋದವು. ಇದರ ಒಂದು ವಿಚಿತ್ರ ಪರಿಣಾಮ ನ್ಯಾಯಾಲಯದಲ್ಲಿ ಕಂಡಿತು. ಆ ಮೂಲ ಕಥೆ ತನ್ನ ಬರಹದ ನಕಲು ಎಂದು ಲೇಖಕರೊಬ್ಬರು ಅಮೆರಿಕದಲ್ಲಿ ಹೂಡಿದ ದಾವೆಯಲ್ಲಿ, ಬಂಗೀ ತನ್ನ ಗೇಮ್‌ನ ಆ ಭಾಗವನ್ನೇ ತೋರಿಸಲಾಗದೆ ಯೂಟ್ಯೂಬ್ ವಿಡಿಯೋಗಳನ್ನೂ ವಿಕಿ ಪುಟಗಳನ್ನೂ ಮುಂದಿಟ್ಟಿತು. 2025ರಲ್ಲಿ ನ್ಯಾಯಾಲಯ ಅವನ್ನು ಪರಿಗಣಿಸಲು ಒಪ್ಪದೆ, ದಾವೆಯನ್ನು ವಜಾ ಮಾಡಬೇಕೆಂಬ ಕೋರಿಕೆಯನ್ನು ತಳ್ಳಿಹಾಕಿತು.

ಗಾತ್ರ ಇಳಿಸಲು ಕಥೆಯನ್ನೇ ಕಿತ್ತುಹಾಕುವುದು ಸದಾ ಅನಿವಾರ್ಯವಲ್ಲ ಎಂಬುದನ್ನು ಹೆಲ್‌ಡೈವರ್ಸ್ 2 ತೋರಿಸಿದೆ. ಹಳೆಯ ಮಾದರಿಯ ಹಾರ್ಡ್ ಡಿಸ್ಕ್‌ಗಳಲ್ಲಿ ಬೇಗ ತೆರೆದುಕೊಳ್ಳಲೆಂದು ಅದರ ಪಿಸಿ ಆವೃತ್ತಿಯಲ್ಲಿ ಒಂದೇ ಕಡತದ ಹಲವು ಪ್ರತಿಗಳನ್ನು ಇಡಲಾಗಿತ್ತು. ಅಳೆದು ನೋಡಿದಾಗ ತಡವಾಗುವುದಕ್ಕೆ ಮುಖ್ಯ ಕಾರಣ ಮ್ಯಾಪ್ ರಚನೆಯಾಗುವ ಸಮಯವೇ ಹೊರತು ಕಡತ ಹುಡುಕುವುದಲ್ಲ ಎಂದು ಗೊತ್ತಾಯಿತು. ಪ್ರತಿಗಳನ್ನು ತೆಗೆದರು, ಗೇಮ್‌ನಲ್ಲಿ ಆಡುವ ಭಾಗ ಒಂದು ಚೂರೂ ಕಡಿಮೆಯಾಗಲಿಲ್ಲ.

ಸರ್ವರ್ ಆರಿದ ಮೇಲೆ

ಆಂಥಮ್‌ಗೆ ಮರಳೋಣ. ಅದನ್ನು ಹೊಸದಾಗಿ ಕಟ್ಟುವ ಯೋಜನೆಯನ್ನು 2021ರ ಫೆಬ್ರವರಿಯಲ್ಲೇ ಕೈಬಿಡಲಾಗಿತ್ತು. ಆಟದ ಮುಖ್ಯ ಕೆಲಸಗಳೆಲ್ಲ ಕಂಪನಿಯ ಸರ್ವರ್‌ನಲ್ಲೇ ನಡೆಯುತ್ತಿದ್ದುದರಿಂದ, ಅದು ಆರಿದೊಡನೆ ಗೇಮ್ ಕೂಡ ಆರಿತು. ಡೀಪ್ ರಾಕ್‌ನಲ್ಲಿ ಆಟವನ್ನು ನಡೆಸುವುದು ಹೋಸ್ಟ್ ಆದವರ ಕಂಪ್ಯೂಟರ್. ಅಪ್‌ಡೇಟ್ ನಿಂತರೂ ಅಂಥ ಗೇಮ್ ಆಡಲು ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಮನಸ್ಸಿದ್ದರೆ ನಡುದಾರಿಯೂ ಇದೆ. ‘ರೆಡ್‌ಫಾಲ್’ 2024ರ ಮೇ ತಿಂಗಳ ಕೊನೆಯ ಅಪ್‌ಡೇಟ್‌ನಲ್ಲಿ, ‘ಸೂಯಿಸೈಡ್ ಸ್ಕ್ವಾಡ್: ಕಿಲ್ ದಿ ಜಸ್ಟೀಸ್ ಲೀಗ್’ ಅದೇ ವರ್ಷದ ಡಿಸೆಂಬರಿನಲ್ಲಿ ಆಫ್‌ಲೈನ್ ಆಡುವ ವ್ಯವಸ್ಥೆ ಸೇರಿಸಿದವು. ಎರಡನೆಯದು ವಾರ್ನರ್ ಬ್ರದರ್ಸ್ ಡಿಸ್ಕವರಿಗೆ 20 ಕೋಟಿ ಡಾಲರ್ ನಷ್ಟ ತೋರಿಸುವಂತೆ ಮಾಡಿದ ಗೇಮ್. ನಷ್ಟವಾದರೂ ಈ ಕೆಲಸ ಅಸಾಧ್ಯವಲ್ಲ ಎಂದಾಯಿತು.

ಇದನ್ನು ಕಡ್ಡಾಯ ಮಾಡಬೇಕೆಂಬುದು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಬೇಡಿಕೆ. ಯೂಬಿಸಾಫ್ಟ್ 2024ರ ಮಾರ್ಚ್ ಕೊನೆಗೆ ‘ದಿ ಕ್ರೂ’ ಗೇಮ್‌ನ ಸರ್ವರ್ ಮುಚ್ಚಿದ ಬಳಿಕ ಹುಟ್ಟಿದ ಈ ಚಳವಳಿಯ ನಾಗರಿಕ ಮನವಿ ಯುರೋಪಿಯನ್ ಒಕ್ಕೂಟದಲ್ಲಿ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿಗಳನ್ನು ದಾಟಿತು. ಸರ್ವರ್‌ಗಳನ್ನು ಶಾಶ್ವತವಾಗಿ ನಡೆಸಿ ಎಂದು ಅದು ಕೇಳುತ್ತಿಲ್ಲ, ಬಿಟ್ಟುಹೋಗುವಾಗ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎನ್ನುತ್ತಿದೆ. ಉದ್ಯಮದ ಪರವಾಗಿ ವಿಡಿಯೋ ಗೇಮ್ಸ್ ಯುರೋಪ್ ಸಂಘಟನೆ ಕೊಟ್ಟ ಉತ್ತರದಲ್ಲಿ ಎರಡು ಅಂಶಗಳಿವೆ: ಖಾಸಗಿ ಸರ್ವರ್‌ಗಳಲ್ಲಿ ದತ್ತಾಂಶದ ಸುರಕ್ಷೆಯನ್ನೂ ಕಾನೂನುಬಾಹಿರ ವಿಷಯದ ನಿಯಂತ್ರಣವನ್ನೂ ಖಾತರಿಪಡಿಸಲಾಗದು, ಮತ್ತು ಮೂಲದಲ್ಲೇ ಆನ್‌ಲೈನ್‌ಗಾಗಿ ಕಟ್ಟಿದ ಗೇಮ್‌ಗಳನ್ನು ಹೀಗೆ ಮಾರ್ಪಡಿಸುವ ವೆಚ್ಚ ವಿಪರೀತ. ಎರಡನೆಯದರಲ್ಲಿ ಹುರುಳಿದೆ. ಆದರೆ ಅದು ಈಗಾಗಲೇ ಕಟ್ಟಿರುವ ಗೇಮ್‌ಗಳಿಗೆ ಹೊಂದುವ ವಾದ. ಮುಂದೆ ಕಟ್ಟಲಿರುವುದಕ್ಕೆ ಮೊದಲ ದಿನವೇ ಈ ದಾರಿಯನ್ನು ಯೋಚಿಸಿದರೆ ವೆಚ್ಚ ಅಷ್ಟು ಬೆಳೆಯುವುದಿಲ್ಲ, ಮತ್ತು ಚಳವಳಿ ಕೇಳುತ್ತಿರುವುದೂ ಮುಂದಿನ ಗೇಮ್‌ಗಳ ಬಗ್ಗೆಯೇ.

ಮಾನ್ಯವಾದ ನಾಗರಿಕ ಮನವಿ ಸಲ್ಲಿಕೆಯಾದರೆ ಯುರೋಪಿಯನ್ ಆಯೋಗ ಆರು ತಿಂಗಳೊಳಗೆ ಉತ್ತರಿಸಬೇಕು, ಕಾನೂನು ತರಲೇಬೇಕೆಂಬ ನಿಯಮವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿರುವ ಕಾನೂನಿನ ಬೇಡಿಕೆ ಇನ್ನೂ ಕಿರಿದು: ಡಿಜಿಟಲ್ ಸರಕು ಮಾರುವಾಗ ನೀವು ಪಡೆಯುತ್ತಿರುವುದು ಬಳಕೆಯ ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕು. ಇದು ಪ್ರಾಮಾಣಿಕತೆಯನ್ನು ಹೆಚ್ಚಿಸುತ್ತದೆಯೇ ಹೊರತು ಒಂದು ಗೇಮ್‌ನ ಆಯುಷ್ಯವನ್ನೂ ಹೆಚ್ಚಿಸುವುದಿಲ್ಲ.

ಕಾನೂನು ಬರಲಿ ಬಿಡಲಿ, ಮಾರುಕಟ್ಟೆ ಎರಡು ದಿಕ್ಕಿಗೆ ಕವಲೊಡೆಯುವ ಲಕ್ಷಣಗಳಿವೆ. ಸಾವಿರಾರು ಆಟಗಾರರನ್ನು ಒಂದೇ ಯುದ್ಧದಲ್ಲಿ ತೊಡಗಿಸುವ ಗೇಮ್‌ಗಳು ಸರ್ವರ್, ಸೀಸನ್, ಅಂಗಡಿ ಮೂರನ್ನೂ ಬಿಡಲಾರವು. ಚಿಕ್ಕ ಸ್ಟುಡಿಯೋಗಳು ಮುಗಿಯುವ ಗೇಮ್‌ಗಳತ್ತ ವಾಲಬಹುದು. 2021ರ ‘ಇಟ್ ಟೇಕ್ಸ್ ಟೂ’ ಕೊನೆಯಿರುವ ಕಥೆಯನ್ನು ಇಬ್ಬರಿಗಾಗಿ ಮಾಡಿ, ಒಂದು ಪ್ರತಿ ಕೊಂಡರೆ ಗೆಳೆಯರನ್ನು ಉಚಿತವಾಗಿ ಕರೆದುಕೊಳ್ಳಲು ‘ಫ್ರೆಂಡ್ಸ್ ಪಾಸ್’ ಕೊಟ್ಟಿತು. ಅದರ ತಯಾರಕರಾದ ಹೇಜ್‌ಲೈಟ್ 2025ರ ‘ಸ್ಪ್ಲಿಟ್ ಫಿಕ್ಷನ್’ನಲ್ಲೂ ಅದೇ ದಾರಿ ಹಿಡಿದರು. ಇಲ್ಲಿ ಮಾರುವ ಘಟಕ ಮೊದಲಿನಿಂದಲೇ ಇಬ್ಬರ ಜೋಡಿ. ಸೀಸನ್ ನಡೆಸುವ ದೊಡ್ಡ ಗೇಮ್‌ಗಳು ಡಿಎಲ್‌ಸಿಯನ್ನು ಇಡೀ ತಂಡಕ್ಕೆ ಒಂದಾಗಿ ಮಾರಲು ಮುಂದಾಗುತ್ತವೆಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಏಕೆಂದರೆ ಹಾಗೆ ಮಾರಿದರೆ ನಾಲ್ಕು ಪ್ರತಿಯ ಜಾಗದಲ್ಲಿ ಒಂದರ ಹಣ ಬರುತ್ತದೆ, ಮಾರದಿದ್ದರೆ ಲಾಬಿ ಖಾಲಿಯಾಗುತ್ತದೆ.